ಸನ್ಯಾಸಿ ಏಡಿಗೆ ಮನೆ ಅಳೆದದ್ದು

ಜಾಗದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಕಂಡಕ್ಟರ್ ಕೆಲಸಕ್ಕೆ ಸೇರಿದಾಗಿನಿಂದ ನಾನು ಮಾಡಿಕೊಂಡು ಬಂದಿರುವುದು ಅದೊಂದನ್ನೇ: ಇರುವ ಜಾಗದಲ್ಲಿ ಬಂದ ಜನರನ್ನು ಹೊಂದಿಸುವುದು. ವಾರದಲ್ಲಿ ಕೆಲವು ದಿನ ನಂಜನಗೂಡಿನಿಂದ ಟಿ. ನರಸೀಪುರದ ಬಸ್ಸು, ಮಿಕ್ಕ ದಿನ ಹುಲ್ಲಹಳ್ಳಿಯದು. ಹೆಂಗಸರಿಗೆ ಟಿಕೆಟ್ ಫ್ರೀ ಆದ ಮೇಲಂತೂ ಬೆಳಗಿನ ಟ್ರಿಪ್ಪಿನಲ್ಲಿ ಉಸಿರಾಡಲು ಜಾಗವಿರುವುದಿಲ್ಲ. ಕಿಟಕಿ ಪಕ್ಕ ಸೀಟು ಸಿಕ್ಕ ದಿನ ಹೂವು ಹರಿದು ಪಕ್ಕದವಳಿಗೂ ಕೊಡುವ ಹೆಂಗಸು, ನಿಂತು ಬರುವ ದಿನ ಅದೇ ಪಕ್ಕದವಳ ಚೀಲವನ್ನು ಕಾಲಲ್ಲಿ ತಳ್ಳುತ್ತಾಳೆ. ಅವಳು ಕೆಟ್ಟವಳಲ್ಲ, ಜಾಗ ಸಾಲದು ಅಷ್ಟೆ. ಇಷ್ಟು ತಿಳಿದವಳಿಗೆ ಏಡಿ ಸಾಕುವುದು ಏನು ಮಹಾ ಅಂತ ನಾನು ಆಗಲೂ ಅಂದಿದ್ದೆ, ಈಗಲೂ ಅನ್ನುತ್ತೇನೆ.

ಹಾಗಂತ ಏಡಿ ಸಾಕಲೇಬೇಕು ಅಂತ ಹೊರಟವರಲ್ಲ ನಾವು. ನಮ್ಮ ಕಡೆ ಏಡಿ ಅಂದರೆ ಗದ್ದೆಯ ಬದುವಿನಲ್ಲಿ ಹಿಡಿದು ಸಾರು ಮಾಡುವಂಥದ್ದು. ನಮ್ಮತ್ತೆ ಇದ್ದಾಗ ಮನೆಯಲ್ಲಿ ನಳ್ಳಿ ಸಾರು ಕುದಿಯಿತೆಂದರೆ ಬೀದಿಗೆಲ್ಲ ಗೊತ್ತಾಗುತ್ತಿತ್ತು. ಇದು ಬೇರೆ ಥರದ್ದು. ಟಿ. ನರಸೀಪುರದಲ್ಲಿರುವ ನನ್ನ ಅಕ್ಕ, ಭಾವ ರಾಮೇಶ್ವರಕ್ಕೆ ಯಾತ್ರೆ ಹೋಗಿದ್ದರು. ಬರುವಾಗ, ಮುಂದೆ ಕಾಶಿಗೆ ಒಯ್ದು ಗಂಗೆಗೆ ಬಿಡಬೇಕೆಂದು ಸಮುದ್ರದ ಮರಳು ತಂದರು, ನೆಂಟರಿಗೆ ಹಂಚಲು ಒಂದು ಚೀಲ ಚಿಪ್ಪು ತಂದರು. ನಮ್ಮ ಪಾಲಿಗೆ ಬಂದದ್ದರಲ್ಲಿ ನಿಂಬೆಹಣ್ಣಿನ ಗಾತ್ರದ, ದುಂಡು ಬಾಯಿಯ ಒಂದು ಚಿಪ್ಪು ಚೆನ್ನಾಗಿತ್ತು. ಟಿವಿಯ ಈ ಪಕ್ಕ ಇಟ್ಟು ಡ್ಯೂಟಿಗೆ ಹೋದೆ. ಸಂಜೆ ಬಂದು ನೋಡಿದರೆ ಅದು ಟಿವಿಯ ಆ ಪಕ್ಕದಲ್ಲಿತ್ತು. ಯಾರು ಎತ್ತಿಟ್ಟಿದ್ದು ಅಂತ ಯಜಮಾನರನ್ನು ಕೇಳಿದೆ.

"ಅದೇ ನಡ್ಕಂಡೋಯ್ತು," ಅಂದರು.

ಹೆಗಲ ಬ್ಯಾಗನ್ನೂ ಇಳಿಸದೆ ಅವರ ಮುಖವನ್ನೇ ನೋಡಿದೆ, ಅದಕ್ಕೆ ಕಾರಣವಿತ್ತು. ಕೆಲವು ತಿಂಗಳ ಹಿಂದಷ್ಟೇ ಅವರಿಗೆ ಲಕ್ವ ಹೊಡೆದಿತ್ತು. ಮಾತು ಬೇಗ ಸರಿಹೋಯಿತು, ಕಾಲು ನಿಧಾನವಾಗಿ ದಾರಿಗೆ ಬಂತು, ಬಲಗೈ ಮಾತ್ರ ತೊಡೆಯ ಮೇಲೆ ಬಿದ್ದದ್ದು ಬಿದ್ದೇ ಇತ್ತು. ಅವರು ಟೈಲರು. ನಮ್ಮ ಮನೆಯ ಮುಂದಿನ ಕೋಣೆಯೇ ಅಂಗಡಿ. ಈ ಊರಿನ ಅರ್ಧ ಗಂಡಸರ ಸೊಂಟದ ಸುತ್ತಳತೆ, ಅದು ವರ್ಷ ವರ್ಷ ಹೇಗೆ ಬೆಳೆಯಿತು ಅನ್ನುವುದರ ಸಮೇತ, ಅವರಿಗೆ ಬಾಯಿಪಾಠ. ಆಸ್ಪತ್ರೆಯಿಂದ ಬಂದ ಮೇಲೆ ಮೆಷಿನ್ನಿಗೆ ಹಳೆಯ ಬೆಡ್‌ಶೀಟು ಹೊದಿಸು ಅಂದರು. ಸದಾ ಕೊರಳಲ್ಲಿರುತ್ತಿದ್ದ ಟೇಪನ್ನು ಗೋಡೆಯ ಮೊಳೆಗೆ ತಗುಲಿಸಿ, ಇದನ್ನು ಯಾರೂ ಮುಟ್ಟಬೇಡಿ ಅಂತ ಹೇಳಿ, ಅದಕ್ಕೆ ಬೆನ್ನು ಹಾಕಿ ಕೂತರು. ಡಾಕ್ಟರು ಕೊಟ್ಟ ಸ್ಪಂಜಿನ ಚೆಂಡನ್ನು ಹಿಸುಕಿ ಅಂದರೆ ಕಿಟಕಿಯ ಆಚೆ ನೋಡುತ್ತಿದ್ದರು. ಹಳೇ ಗಿರಾಕಿಗಳು ಬಂದು ಬಾಗಿಲಲ್ಲಿ ನಿಂತರೆ ಎದ್ದು ಒಳಗೆ ಹೋಗುತ್ತಿದ್ದರು.

ಕೈ ಬರದಿದ್ದರೂ ಬದುಕು ನಡೆಯುತ್ತದೆ, ನನ್ನ ಸಂಬಳವಿದೆ. ನನ್ನ ಭಯ ಅದಲ್ಲ. ಇನ್ನು ನಾನು ಟೈಲರಲ್ಲ ಅಂತ ಈ ಮನುಷ್ಯ ತಾನೇ ತೀರ್ಮಾನ ಮಾಡಿಕೊಂಡುಬಿಟ್ಟರೆ ಮತ್ತೆ ಎಲ್ಲಿಂದ ಕರೆದುಕೊಂಡು ಬರಲಿ? ನಗಿಸಿ ನೋಡಿದೆ, ಬೈದು ನೋಡಿದೆ. ಎರಡಕ್ಕೂ ಒಂದೇ ಮುಖ. ಅಂಥವರು ಚಿಪ್ಪು ನಡೆದುಹೋಯಿತು ಅಂದರೆ ಹೆದರದೆ ಇರುತ್ತೇನೆಯೇ?

ಅಷ್ಟರಲ್ಲಿ ಚಿಪ್ಪು ನಿಜವಾಗಿಯೂ ನಡೆಯಿತು. ಒಳಗಿನಿಂದ ಕಂದು ಬಣ್ಣದ ಕಾಲುಗಳು ಬಂದವು, ಕಡ್ಡಿಯ ತುದಿಗೆ ಕೂರಿಸಿದಂಥ ಎರಡು ಕಣ್ಣು ಬಂದವು. ನಾನು ಹತ್ತಿರ ಹೋದದ್ದೇ ತಡ, ಸರಕ್ಕನೆ ಒಳಗೆ ಸೇರಿ ದಪ್ಪ ಕೊಂಡಿಯನ್ನು ಬಾಗಿಲಿನ ಹಾಗೆ ಅಡ್ಡ ಹಿಡಿಯಿತು. ಯಜಮಾನರು ಬಗ್ಗಿ ತುಂಬ ಹೊತ್ತು ನೋಡಿದರು. ಆಸ್ಪತ್ರೆಯಿಂದ ಬಂದ ಮೇಲೆ ಅವರು ಏನನ್ನಾದರೂ ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು.

"ನೋಡಮ್ಮೀ," ಅಂದರು. "ಇದುಕ್ಕೂ ಎಡಗೈಯೇ ಗಟ್ಟಿ."

ಹೌದು, ಎಡಗಡೆಯ ಕೊಂಡಿ ದಪ್ಪ, ಬಲಗಡೆಯದು ಸಣ್ಣ. ಆ ಜಾತಿಯೇ ಹಾಗೆ ಅಂತ ಆಮೇಲೆ ತಿಳಿಯಿತು. ಅವತ್ತಿನಿಂದ ಅದು ಅವರ ಏಡಿ. ನನಗೂ ಅದರ ಮೇಲೆ ಪ್ರೀತಿ ಹುಟ್ಟಿದ್ದು ಅದೇ ಗಳಿಗೆಯಲ್ಲಿ, ಅವರ ಮಾತಿನಿಂದ.

ಫೋನಿನಲ್ಲಿ ಹುಡುಕಿದಾಗ ಸನ್ಯಾಸಿ ಏಡಿ ಅಂತ ಹೆಸರು ಸಿಕ್ಕಿತು. ಹಾಗೆ ಹೆಸರಿಟ್ಟವರು ಅದನ್ನು ಒಂದು ದಿನವೂ ಸಾಕಿದವರಲ್ಲ. ಅದಕ್ಕೆ ಹುಟ್ಟಿದಾಗಿನಿಂದ ಸಾಯುವವರೆಗೂ ಮನೆಯದೇ ಚಿಂತೆ. ಮೈಯ ಹಿಂಭಾಗ ಬಾಳೆಹಣ್ಣಿನ ತಿರುಳಿನಷ್ಟು ಮೆತ್ತಗೆ, ಸ್ವಂತ ಚಿಪ್ಪಿಲ್ಲ. ಸತ್ತ ಶಂಖದ ಹುಳುವಿನ ಚಿಪ್ಪನ್ನು ಹೊಕ್ಕು, ಬೆಳೆದ ಹಾಗೆಲ್ಲ ಇನ್ನೊಂದು ಹುಡುಕಬೇಕು. ಇರುವುದು ನೆಲದ ಮೇಲೆ. ನೀರಲ್ಲಿ ಮುಳುಗಿಸಿಟ್ಟರೆ ಸಾಯುತ್ತದೆ, ಗಾಳಿ ಒಣಗಿದರೂ ಸಾಯುತ್ತದೆ. ಮನೆಗೆ ಬಂದವರೆಲ್ಲ ಏಡಿ ಅಂದ ಮೇಲೆ ನೀರು ತುಂಬಿಸಮ್ಮ ಅಂತ ಸಲಹೆ ಕೊಟ್ಟು ಹೋಗುತ್ತಿದ್ದರು. ಗದ್ದೆಯ ಏಡಿ ಕಂಡವರ ಬುದ್ಧಿ ಅದು. ಕೈ ಮುಗಿದು ಕಳಿಸುತ್ತಿದ್ದೆ.

ಗಾಜಿನ ತೊಟ್ಟಿ ಮಾಡಿಸಲು ಬಜಾರಿನ ಗಾಜಿನಂಗಡಿಗೆ ಹೋದೆ. ಇಷ್ಟು ಏಡಿಗೆ ಒಂದಡಿ ಡಬ್ಬ ಧಾರಾಳ ಅಂದ ಅವನು. ನಿಂತ ಬಸ್ಸನ್ನು ನೋಡಿ ಸೀಟು ಲೆಕ್ಕ ಹಾಕಬೇಡಪ್ಪ, ಓಡುವಾಗ ನೋಡು ಅಂದೆ. ಏಡಿಗೆ ಬೇಕಾದದ್ದು ಕೂರುವ ಜಾಗವಷ್ಟೇ ಅಲ್ಲ. ಹತ್ತಲು ಒಂದು ಕೊರಡು ಬೇಕು, ಅಡಗಲು ಒಂದು ಮೂಲೆ ಬೇಕು, ಸಿಹಿನೀರಿನದೊಂದು ಉಪ್ಪುನೀರಿನದೊಂದು ಬಟ್ಟಲು ಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಕೆಳಗೆ ಮರಳು, ಅದು ಪೂರ್ತಿ ಹೂತುಕೊಂಡರೂ ಮೇಲೆ ಇನ್ನೂ ಮಿಗುವಷ್ಟು. ಎರಡಡಿಯ ಮೇಲೊಂದು ಗೇಣು ಉದ್ದ, ಒಂದೂವರೆ ಅಡಿ ಎತ್ತರ, ಮೇಲೆ ಗಾಜಿನ ಮುಚ್ಚಳ ಅಂತ ಹೇಳಿ ಮಾಡಿಸಿದೆ. ಅಳತೆಗೆ ಟೇಪು ಮುಟ್ಟುವಂತಿರಲಿಲ್ಲವಲ್ಲ, ನನ್ನ ಗೇಣೇ ಗತಿ. ಯಜಮಾನರು ನನ್ನ ಗೇಣು ನೋಡಿ ಮುಖ ಹಿಂಡಿದರು.

ಅಕ್ಕನ ಹತ್ತಿರ ರಾಮೇಶ್ವರದ ಮರಳು ಕೇಳಿದರೆ ಕಾಶಿಗೆ ಮೀಸಲು ಅಂತ ಹಿಡಿ ಮಾತ್ರ ಕೊಟ್ಟಳು. ಪಕ್ಕದ ಮನೆ ಕಟ್ಟುವಾಗ ಉಳಿದಿದ್ದ ಹೊಳೆ ಮರಳನ್ನು ತೊಳೆದು ಒಣಗಿಸಿ, ತೆಂಗಿನ ನಾರಿನ ಪುಡಿ ಬೆರೆಸಿ, ಕೈಯಲ್ಲಿ ಹಿಡಿದರೆ ಉಂಡೆ ನಿಲ್ಲುವಷ್ಟು ತೇವ ಮಾಡಿ ತುಂಬಿದೆ. ಅಕ್ಕನ ಹಿಡಿ ಮರಳನ್ನು ಪ್ರಸಾದದ ಹಾಗೆ ಮೇಲೆ ಉದುರಿಸಿದೆ. ಉಪ್ಪುನೀರಿಗೆ ಅಡುಗೆಮನೆಯ ಉಪ್ಪು ಹಾಕದೆ, ಸಾಕುವ ಮೀನು ಮಾರುವ ಅಂಗಡಿಯಲ್ಲಿ ಸಿಗುವ ಸಮುದ್ರದ ಉಪ್ಪನ್ನೇ ತಂದೆ. ಊಟಕ್ಕೆ ಚೂರು ಕೊಬ್ಬರಿ, ಮೊಟ್ಟೆಯ ಸಿಪ್ಪೆ, ಯಜಮಾನರ ಕೈಯಿಂದ ರಸಬಾಳೆ. ಒಂದು ಸಲ ಮುದ್ದೆಯ ತುಣುಕನ್ನೂ ಇಟ್ಟಿದ್ದರು. ಅದು ಮುದ್ದೆಯನ್ನು ಸುತ್ತಿ ಬಳಸಿ ಹೋಯಿತು, ಇವರು ಬೇಜಾರು ಮಾಡಿಕೊಂಡರು.

ನಡುವೆ ಒಮ್ಮೆ ಅದು ಮರಳಿನೊಳಗೆ ಇಳಿದು ವಾರಗಟ್ಟಲೆ ಮೇಲೆ ಬರಲಿಲ್ಲ. ಅಕ್ಕ ಬಂದು ನೋಡಿ, ಸತ್ತಿದೆ, ಮನೆಯಲ್ಲಿ ಇಟ್ಟುಕೊಳ್ಳಬೇಡ, ಕಪಿಲೆಗೆ ಬಿಟ್ಟು ತಲೆಗೆ ಸ್ನಾನ ಮಾಡು ಅಂದಳು. ನಮ್ಮೂರಲ್ಲಿ ಬೇಡವಾದದ್ದನ್ನೆಲ್ಲ ಹೊಳೆಗೆ ಬಿಟ್ಟು ಪುಣ್ಯ ಅಂದುಕೊಳ್ಳುವುದು ರೂಢಿ. ನಾನು ಮುಚ್ಚಳದ ಮೇಲೆ ಕೈಯಿಟ್ಟು, ಕೆದಕಿದವರಿಗೆ ಈ ಮನೆಯಲ್ಲಿ ಕಾಫಿಯಿಲ್ಲ ಅಂದೆ. ಅದು ಪೊರೆ ಕಳಚುತ್ತಿತ್ತು. ಹೊಸ ಮೈ ಗಟ್ಟಿಯಾದ ಮೇಲೆ, ಒಂದು ಬೆಳಗ್ಗೆ ಮರಳನ್ನು ಸರಿಸಿ ಎದ್ದು ಬಂತು. ಯಜಮಾನರು ಅಕ್ಕನಿಗೆ ತಾವೇ ಫೋನು ಮಾಡಿ ತಿಳಿಸಿದರು.

ಅಕ್ಕನಿಗೂ ಆಸೆಯಾಯಿತು. ಮೈಸೂರಿನಲ್ಲಿ ಎಲ್ಲೋ ಮಾರುತ್ತಿದ್ದ ಒಂದನ್ನು ತಂದುಕೊಂಡಳು. ಅದರ ಕಾಲು ನೇರಳೆ ಬಣ್ಣ, ಮೈ ನಮ್ಮದಕ್ಕಿಂತ ತುಸು ದಪ್ಪ. ಚಿಪ್ಪಿಗೆ ಯಾರೋ ನೀಲಿ ಬಣ್ಣ ಬಳಿದು ಹೂವು ಬರೆದಿದ್ದರು. ಬಾಯಿ ಕಿರಿದಾದ ಚಿಪ್ಪು. ನೋಡಿದರೇ ಗೊತ್ತಾಗುತ್ತಿತ್ತು, ದೊಡ್ಡವನಿಗೆ ತಮ್ಮನ ಅಂಗಿ ತೊಡಿಸಿದ ಹಾಗಿತ್ತು. ಕಾಶಿಗೆ ಹೊರಡುವ ಮೊದಲು ಅಕ್ಕ ಅದನ್ನು ಸ್ಟೀಲ್ ಡಬ್ಬದಲ್ಲಿ ತಂದು, ಬರುವವರೆಗೂ ನಿಮ್ಮದರ ಜೊತೆ ಇರಲಿ ಅಂದಳು.

ಬೇಡ ಅಂದೆ. ಜಾತಿ ಬೇರೆ ಅನ್ನುವುದಕ್ಕಲ್ಲ. ನೆಲದ ಸನ್ಯಾಸಿ ಏಡಿಗಳು ಬೇರೆ ಬೇರೆ ಜಾತಿಯವಾದರೂ ಜೊತೆಗೆ ಬಾಳುತ್ತವೆ, ಒಂಟಿಯಾಗಿರುವುದಕ್ಕಿಂತ ಅದೇ ಮೇಲು. ಆದರೆ ಎರಡಕ್ಕೂ ಒಂದೇ ಚಿಪ್ಪಿನ ಮೇಲೆ ಕಣ್ಣು ಬೀಳಬಾರದು. ಕೆಲವು ಜಾತಿಗೆ ದುಂಡು ಬಾಯಿಯ ಚಿಪ್ಪು ಬೇಕು, ಕೆಲವಕ್ಕೆ ಉದ್ದ ಬಾಯಿಯದು. ಇವೆರಡಕ್ಕೂ ದುಂಡನೆಯದೇ ಬೇಕು ಅಂತ ನನಗನ್ನಿಸಿತ್ತು. ಸೀಟು ಒಂದು, ಕರ್ಚೀಫು ಎರಡು. ಮೊದಲು ನಾಲ್ಕಾರು ಒಳ್ಳೆಯ ಚಿಪ್ಪು ತಂದು ಹಾಕೋಣ, ಆಮೇಲೆ ಸೇರಿಸೋಣ ಅಂದೆ. ಅಕ್ಕನಿಗೆ ಅದು ಕೊಂಕು ಅನ್ನಿಸಿತು.

"ನಮ್ಮೂರಲ್ಲಿ ಕಪಿಲೆ ಕಾವೇರಿ ಎಲ್ಡೂ ಬಂದು ಸೇರ್ಕಂಡು ಒಂದಾಗಿ ಓಗ್ತಾವೆ," ಅಂದಳು. "ಎಲ್ಡು ಏಡಿ ಒಂದು ಡಬ್ಬದಲ್ಲಿ ಇರಕ್ಕಿಲ್ವೇನೇ?"

"ನದಿಗೆ ಚಿಪ್ಪು ಬೇಕಾಗಿಲ್ಲ ಕಣಕ್ಕ."

ಸಂಗಮದ ಊರಿನವರ ತೊಂದರೆಯೇ ಇದು. ಸೇರುವುದು ಅಂದರೆ ಪುಣ್ಯವೇ ಅಂತ ಹುಟ್ಟಿದಾಗಿನಿಂದ ನಂಬಿರುತ್ತಾರೆ. ಅಷ್ಟು ದೊಡ್ಡ ಎರಡು ಹೊಳೆ ಸೇರಲು ಅಲ್ಲಿ ಎಷ್ಟು ಅಗಲದ ಜಾಗವಿದೆ ಅಂತ ಒಬ್ಬರೂ ನೋಡುವುದಿಲ್ಲ. ಅಕ್ಕ ಹೊರಟಳು, ಡಬ್ಬ ನಮ್ಮ ಮನೆಯಲ್ಲೇ ಉಳಿಯಿತು. ಮಾರನೆಯ ದಿನ ನಾನು ಡ್ಯೂಟಿಯಲ್ಲಿದ್ದಾಗ ಯಜಮಾನರು ಎಡಗೈಯಲ್ಲೇ ಎತ್ತಿ ಅದನ್ನು ತೊಟ್ಟಿಗೆ ಬಿಟ್ಟರು. ಪಾಪ, ಒಂಟಿಯಾಗಿತ್ತು ಅಂದರು. ಜೊತೆಗೆ ಚೌಕಾಬಾರ ಆಡುವ ಪೆಟ್ಟಿಗೆಯಿಂದ ಕವಡೆಗಳನ್ನೂ ಹಾಕಿದ್ದರು, ಚಿಪ್ಪು ಬೇಕು ಅಂದೆಯಲ್ಲ ಅಂತ. ಕವಡೆಯ ಬಾಯಿ ಗೀರು ಎಳೆದಷ್ಟು ಸಣ್ಣ, ಏಡಿಯ ಕಾಲೂ ತೂರುವುದಿಲ್ಲ. ನಮ್ಮ ಕಡೆಯ ಮನೆಗಳಲ್ಲಿ ಸಮುದ್ರದ ಚಿಪ್ಪು ಅಂದರೆ ಇನ್ನೇನು ಸಿಗುತ್ತದೆ? ನಾನು ಬೈಯಲು ಬಾಯಿ ತೆರೆದೆ. ಆದರೆ ಅವರು ತಾವಾಗಿ ಎದ್ದು ಒಂದು ಕೆಲಸ ಮಾಡಿದ್ದರು. ಬಾಯಿ ಮುಚ್ಚಿಕೊಂಡೆ.

ಎರಡೂ ಮೊದಲು ಮೀಸೆಯಿಂದ ಮೀಸೆ ಮುಟ್ಟಿ ಪರಿಚಯ ಮಾಡಿಕೊಂಡವು. ಒಂದನ್ನೊಂದು ಹತ್ತಿ ಇಳಿದವು. ನೋಡಿದೆಯಾ ಅಂತ ಯಜಮಾನರು ಹುಬ್ಬು ಹಾರಿಸಿದರು. ಕೆಲವು ದಿನ ಕಳೆದ ಮೇಲೆ, ಹುಲ್ಲಹಳ್ಳಿಯ ಮೊದಲ ಟ್ರಿಪ್ಪಿಗೆ ಹೊರಡುವ ಮುಂಚೆ ದೀಪ ಹಾಕಿ ತೊಟ್ಟಿ ನೋಡಿದರೆ, ನೇರಳೆ ಏಡಿ ನಮ್ಮ ದುಂಡು ಚಿಪ್ಪಿನೊಳಗೆ ಕೂತಿತ್ತು. ನೀಲಿ ಚಿಪ್ಪು ಖಾಲಿ ಬಿದ್ದಿತ್ತು. ಯಜಮಾನರ ಏಡಿ ಮೂಲೆಯಲ್ಲಿ, ಕೊರಡಿನ ಹಿಂದೆ, ಬೆತ್ತಲೆಯಾಗಿ ಹೊಟ್ಟೆ ಮುದುರಿಕೊಂಡು ನಡುಗುತ್ತಿತ್ತು.

ಅದನ್ನು ಒದ್ದೆ ಬಟ್ಟೆ ಹಾಸಿದ ಬೋಗುಣಿಗೆ ಇಳಿಸಿ, ನೀಲಿ ಚಿಪ್ಪನ್ನು ಪಕ್ಕ ಇಟ್ಟೆ. ಅದು ಬಾಯಿಗೆ ಕೊಂಡಿ ಹಾಕಿ ನೋಡಿ ಬಿಟ್ಟುಬಿಟ್ಟಿತು. ಅಕ್ಕ ಕೊಟ್ಟಿದ್ದ ಮಿಕ್ಕ ಶಂಖಗಳೆಲ್ಲ ಚೂಪು, ಒಳಗೆ ಜಾಗವಿಲ್ಲ. ಚಿಪ್ಪಿಲ್ಲದ ಏಡಿ ಒಂದು ದಿನ ಉಳಿದರೆ ಹೆಚ್ಚು. ಯಜಮಾನರು ಕುರ್ಚಿ ಎಳೆದುಕೊಂಡು ಬೋಗುಣಿಯ ಮುಂದೆ ಕೂತರು. ಕಾಫಿ ಆರಿಹೋಯಿತು.

"ಊರಿಗೆಲ್ಲ ಬಟ್ಟೆ ಒಲ್ದೆ," ಅಂದರು. "ಇದುಕ್ಕೊಂದು ಒಲ್ಕೊಡಕ್ಕಾಗಲ್ವಲ್ಲ ನನ್ ಕೈಲಿ."

ನನಗೆ ಅಳು ಬಂತು, ಸಿಟ್ಟೂ ಬಂತು. ಸಂಜೆಯೊಳಗೆ ಚಿಪ್ಪು ತರುತ್ತೇನೆ, ಅಲ್ಲಿಯವರೆಗೆ ಬಟ್ಟೆ ಒಣಗದ ಹಾಗೆ ನೋಡಿಕೊಳ್ಳಿ ಅಂತ ಹೇಳಿ ಬ್ಯಾಗು ಹೆಗಲಿಗೆ ಹಾಕಿಕೊಂಡೆ. ಎಲ್ಲಿಂದ ತರುತ್ತೇನೆ ಅನ್ನುವುದು ನನಗೂ ಗೊತ್ತಿರಲಿಲ್ಲ. ಆದರೆ ತರುತ್ತೇನೆ ಅನ್ನುವುದರಲ್ಲಿ ಅನುಮಾನವಿರಲಿಲ್ಲ.

ಹುಲ್ಲಹಳ್ಳಿ ಹತ್ತಿರವಾಗುತ್ತಿದ್ದ ಹಾಗೆ ಕಾಲುವೆ ಪಕ್ಕದ ಗದ್ದೆಗಳಲ್ಲಿ ಕೊಕ್ಕರೆಗಳು ನಿಂತಿದ್ದವು. ದಿನಾ ನೋಡುವ ಕೊಕ್ಕರೆಗಳೇ. ಅವು ಗದ್ದೆಯ ಬಸವನಹುಳುವನ್ನು ಹಿಡಿದು ಒಳಗಿನದನ್ನು ಎಳೆದು ತಿಂದು, ಚಿಪ್ಪನ್ನು ಬದುವಿನ ಮೇಲೆ ಬಿಟ್ಟು ಹೋಗುತ್ತವೆ. ದಪ್ಪ ಹೊಟ್ಟೆಯ, ಅಗಲ ಬಾಯಿಯ ಚಿಪ್ಪು. ಇಷ್ಟು ವರ್ಷ ಟಿಕೆಟ್ ಹರಿಯುತ್ತಾ ನೋಡಿದ್ದು ಅವತ್ತು ಕಣ್ಣಿಗೆ ಬಿತ್ತು. ಬಸ್ಸಿನಲ್ಲಿ ಕಳೆ ಕೀಳಲು ಹೋಗುವ ಹೆಂಗಸರು ತುಂಬಿದ್ದರು. ವಿಷಲ್ ಊದಿ ಎಲ್ಲರ ಬಾಯಿ ನಿಲ್ಲಿಸಿ, ಬಸವನಹುಳದ ಖಾಲಿ ಚಿಪ್ಪು ಬೇಕು, ಒಡೆದಿರಬಾರದು, ಬಾಯಿ ದುಂಡಗಿರಬೇಕು, ಮಧ್ಯಾಹ್ನದ ಟ್ರಿಪ್ಪಿಗೆ ತಂದುಕೊಡಿ ಅಂದೆ. ಸಾರಿಗಾ ಅಂತ ಒಬ್ಬಳು ಕೇಳಿದಳು. ಹುಳು ಇಲ್ಲದ ಚಿಪ್ಪಲ್ಲಿ ಏನು ಸಾರು ಮಾಡಲಿ ಅಂದೆ. ಯಜಮಾನರ ಏಡಿಯ ಕಥೆ ಹೇಳಬೇಕಾಯಿತು. ನಕ್ಕರು. ನಗಲಿ ಬಿಡಿ, ಇಳಿಯುವಾಗ ಒಬ್ಬೊಬ್ಬರೂ ಎಷ್ಟು ದೊಡ್ಡದು ಅಂತ ಮುಷ್ಟಿ ತೋರಿಸಿ ಕೇಳಿಕೊಂಡೇ ಇಳಿದರು.

ಮಧ್ಯಾಹ್ನದ ಟ್ರಿಪ್ಪಿನಲ್ಲಿ, ಟಿಕೆಟ್ ಕೊಡಲು ಹೋದ ಕಡೆಯೆಲ್ಲ ಸೆರಗಿನ ಗಂಟು ಬಿಚ್ಚಿ ಚಿಪ್ಪು ಕೊಟ್ಟರು. ಕೆಲವು ಒಡೆದವು, ಕೆಲವು ಕಡಲೆಕಾಳಿನಷ್ಟು. ಒಂದರೊಳಗೆ ಹುಳು ಇನ್ನೂ ಬದುಕಿತ್ತು, ಅದನ್ನು ಕಾಲುವೆಗೆ ಬಿಡು ಅಂತ ವಾಪಸ್ಸು ಕೊಟ್ಟೆ. ಹಣೆ ತುಂಬ ವಿಭೂತಿ ಇಟ್ಟುಕೊಂಡಿದ್ದ ಅಜ್ಜಿಯೊಬ್ಬರು ಹುಳದ ಚಿಪ್ಪು ಮುಟ್ಟುವವರಲ್ಲ. ಎಲೆಯಲ್ಲಿ ಸುತ್ತಿ ತಂದು ಸೀಟಿನ ಮೇಲೆ ಇಟ್ಟಿದ್ದರು. "ತಕ್ಕೋ ಕಂಡಕ್ಟ್ರಮ್ಮ," ಅಂದರು. "ನಿನ್ ಗಂಡುಂಗೆ ಒಳ್ಳೇದಾಗ್ಲಿ." ಏಡಿಗೆ ಅನ್ನಲಿಲ್ಲ ಅವರು.

ಮನೆಗೆ ಬಂದಾಗ ಏಡಿ ಉಸಿರು ಹಿಡಿದುಕೊಂಡಿತ್ತು, ಯಜಮಾನರೂ ಹಾಗೆಯೇ. ಚಿಪ್ಪುಗಳನ್ನು ತೊಳೆದು, ನೀರಲ್ಲಿ ಕುದಿಸಿ, ಆರಿಸಿ, ತಟ್ಟೆಯಲ್ಲಿ ಅವರ ಮುಂದಿಟ್ಟೆ. ಎಲ್ಲವನ್ನೂ ಒಟ್ಟಿಗೆ ಬೋಗುಣಿಗೆ ಸುರಿಯೋಣ, ಅದೇ ಆರಿಸಿಕೊಳ್ಳಲಿ ಅಂದೆ. ಅವರು ತಲೆಯಾಡಿಸಿದರು. ಸುಸ್ತಾಗಿದೆ ಅದಕ್ಕೆ, ಅಷ್ಟನ್ನೆಲ್ಲ ಹೊರಳಿಸಿ ನೋಡುವ ಶಕ್ತಿಯಿಲ್ಲ ಅಂದರು. ಆಮೇಲೆ, ತಿರುಗದೆಯೇ, ಆ ಟೇಪು ಕೊಡು ಅಂದರು.

ನಾನೇನಾದರೂ ಅಂದರೆ ಬೇಡ ಅನ್ನುತ್ತಾರೆಂದು ಗೊತ್ತಿತ್ತು. ಮೊಳೆಯಿಂದ ತೆಗೆದು ಕೊಟ್ಟೆ. ಧೂಳಿತ್ತು, ಅಂಗಿಗೆ ಒರೆಸಿಕೊಂಡರು. ಬಲಗೈಯನ್ನು ಎಡಗೈಯಿಂದ ಎತ್ತಿ ತಂದು ಟೇಪಿನ ತುದಿಯ ಮೇಲೆ ಭಾರಕ್ಕೆ ಇಟ್ಟರು. ಎಡಗೈಯಲ್ಲಿ ಟೇಪನ್ನು ಎಳೆದು ಒಂದೊಂದು ಚಿಪ್ಪಿನ ಬಾಯಿ ಅಳೆದರು. ಏಡಿಯನ್ನು ಮುಟ್ಟಲಿಲ್ಲ. ಗಿರಾಕಿ ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಅಳತೆ ಹಿಡಿಯುತ್ತಿದ್ದರಲ್ಲ, ಹಾಗೆ ಕಣ್ಣಲ್ಲೇ ನೋಡಿದರು. ಈಗಿನದಕ್ಕೆ ಸರಿಯಾಗಿ ಹೊಲಿಯಬಾರದು, ಮುಂದೆ ಮೈ ಬಂದರೆ ಬಿಚ್ಚಲು ಒಳಗೆ ಬಟ್ಟೆ ಬಿಟ್ಟಿರಬೇಕು ಅಂತ ತಮಗೆ ತಾವೇ ಅಂದುಕೊಳ್ಳುತ್ತಿದ್ದರು. ನಾನು ಇದೇ ಸರಿ ಅಂತ ತೋರಿಸಿದ ಚಿಪ್ಪನ್ನು ಪಕ್ಕಕ್ಕೆ ಸರಿಸಿದರು. ಎಲೆಯಲ್ಲಿ ಸುತ್ತಿ ಬಂದದ್ದನ್ನು ಎತ್ತಿ ಬೋಗುಣಿಯಲ್ಲಿಟ್ಟರು.

ನೋಡುತ್ತಾ ಕೂತರೆ ಅದು ಬಟ್ಟೆ ಬದಲಿಸುವುದಿಲ್ಲ ಅಂತ ಬೋಗುಣಿಗೆ ಟವೆಲ್ ಮುಚ್ಚಿ ಇಬ್ಬರೂ ಪಡಸಾಲೆಗೆ ಹೋದೆವು. ನಾನು ಅವರೆಕಾಯಿ ಬಿಡಿಸಿದೆ. ಅವರು ಟೇಪನ್ನು ಬೆರಳಿಗೆ ಸುತ್ತುತ್ತಿದ್ದರು, ಬಿಚ್ಚುತ್ತಿದ್ದರು. ಒಳಗೆ ಟಕ್ ಅಂತ ಸದ್ದಾಯಿತು. ಇನ್ನೊಂದು ಸಲ ಆಯಿತು. ತಡೆಯಲಾರದೆ ಟವೆಲಿನ ಅಂಚು ಎತ್ತಿ ನೋಡಿದೆವು. ಏಡಿ ಚಿಪ್ಪನ್ನು ಹೊರಳಿಸಿ, ಕೊಂಡಿಯನ್ನು ಒಳಗೆ ಆಳದವರೆಗೂ ಹಾಕಿ ತಡವಿ, ಬಾಯಿಯ ಸುತ್ತ ಮೀಸೆ ಆಡಿಸಿ ಅಳೆಯುತ್ತಿತ್ತು. ಆಮೇಲೆ ಒಂದೇ ಸಲಕ್ಕೆ ಹಿಂದಕ್ಕೆ ತಿರುಗಿ ಹೊಟ್ಟೆಯನ್ನು ಒಳಗೆ ತೂರಿಸಿತು. ಒಮ್ಮೆ ಮೈ ಕೊಡವಿತು. ಎಡಗಡೆಯ ಕೊಂಡಿಯನ್ನು ಬಾಗಿಲಿಗೆ ಅಡ್ಡ ತಂದಿತು. ಸುತ್ತ ಎಳ್ಳಷ್ಟು ಸಂದು, ಮೈ ಬರುವುದಕ್ಕೆ.

"ಕೈ ಓಯ್ತು ಕಣಮ್ಮೀ," ಅಂದರು ಯಜಮಾನರು. "ಅಳತೆ ಓಗಿಲ್ಲ."

ಅವರ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣೀರಿಗೆ ಅವರೆಕಾಯಿಯ ಸೊಗಡು ಕಾರಣ ಅಂದೆ. ಟೇಪನ್ನು ಮತ್ತೆ ಮೊಳೆಗೆ ಹಾಕಲು ಕೈ ಚಾಚಿದರೆ ಅವರು ಕೊಡಲಿಲ್ಲ. ಎಡಗೈಯಲ್ಲೇ ಕೊರಳಿಗೆ ಹಾಕಿಕೊಂಡು, ಎರಡು ತುದಿಗಳನ್ನು ಎದೆಯ ಮೇಲೆ ಸಮ ಮಾಡಿಕೊಂಡರು.

ಅಕ್ಕ ಕಾಶಿಯಿಂದ ಬಂದಾಗ ಅವಳ ಏಡಿಗೆ ಬೇರೆ ತೊಟ್ಟಿ ಸಿದ್ಧವಿತ್ತು. ಅದರ ಅಳತೆ ಯಜಮಾನರದೇ. ನನ್ನ ಗೇಣಿನದಕ್ಕಿಂತ ಅಂದವಾಗಿದೆ ಅಂತ ಗಾಜಿನಂಗಡಿಯವನು ನನ್ನ ಮುಖಕ್ಕೇ ಹೇಳಿ ಕೊಟ್ಟ. ಎರಡು ತೊಟ್ಟಿಯಲ್ಲೂ ಹುಲ್ಲಹಳ್ಳಿಯ ಚಿಪ್ಪು ಧಾರಾಳವಾಗಿ ಬಿದ್ದಿವೆ. ಏಡಿಗಳನ್ನು ಒಂದು ಮಾಡುವ ಮಾತನ್ನು ಅಕ್ಕ ಇನ್ನೂ ಬಿಟ್ಟಿಲ್ಲ. ಅದಕ್ಕೆ ಎಷ್ಟು ದೊಡ್ಡ ತೊಟ್ಟಿ ಬೇಕಾಗುತ್ತದೆ ಅಂತ ಅವಳು ಈಗ ನನ್ನನ್ನು ಕೇಳುವುದಿಲ್ಲ, ಅವರನ್ನು ಕೇಳುತ್ತಾಳೆ. ಮುಂದಿನ ಕೋಣೆಯ ಮೆಷಿನ್ನಿನಲ್ಲಿ ಪಕ್ಕದ ಬೀದಿಯ ಹೆಂಗಸೊಬ್ಬಳು ಹೊಲಿಯುತ್ತಾಳೆ. ಅಳೆಯುವುದು, ಗುರುತು ಹಾಕುವುದು, ಒಳಗೆ ಎಷ್ಟು ಬಟ್ಟೆ ಬಿಡಬೇಕು ಅಂತ ಜಗಳ ಕಾಯುವುದು ಯಜಮಾನರು. ಸಂಜೆ ಡ್ಯೂಟಿ ಮುಗಿಸಿ ಬಂದು ನನ್ನ ವಿಷಲನ್ನು ಆ ಖಾಲಿ ಮೊಳೆಗೆ ತಗುಲಿಸುತ್ತೇನೆ.